ನಾರ್ಮಾ ಹಾಕಿದ ಸಹಿ

ಊರಲ್ಲಿ ಯಾರೋ ಮನೆ ಕಟ್ಟಿಸುತ್ತಾರೆ. ಬಾಗಿಲು ಎಲ್ಲಿ, ಕಿಟಕಿ ಎಲ್ಲಿ ಅಂತ ಮೇಸ್ತ್ರಿಯೇ ಹೇಳುತ್ತಾರೆ. ಆದರೆ ಹತ್ತು ಅಂತಸ್ತಿನ ಕಟ್ಟಡಕ್ಕೆ ಬಾಯಿಮಾತು ಸಾಲದು. ಮೊದಲು ಕಾಗದದ ಮೇಲೆ ನಕ್ಷೆ ಬರೆಯಬೇಕು. ಮೆಟ್ಟಿಲು ಎಲ್ಲಿ? ಗಾಳಿ ಬೆಳಕು ಹೇಗೆ ಬರಬೇಕು? ಬೆಂಕಿ ಬಿದ್ದರೆ ಜನ ಯಾವ ಕಡೆ ಓಡಬೇಕು? ಎಲ್ಲವೂ ನಕ್ಷೆಯಲ್ಲಿ ಇರಬೇಕು. ಈ ಕೆಲಸ ಮಾಡುವವರೇ ವಾಸ್ತುಶಿಲ್ಪಿ. ಪೇಟೆಯಲ್ಲಿ ಆರ್ಕಿಟೆಕ್ಟ್ ಅಂತಾರೆ.

ಅಮೆರಿಕದಲ್ಲಿ ಆರ್ಕಿಟೆಕ್ಟ್ ಆಗಲು ಸರ್ಕಾರದ ಪರೀಕ್ಷೆ ಪಾಸಾಗಬೇಕು. ಲೈಸೆನ್ಸ್ ಪಡೆಯಬೇಕು. ಆಮೇಲೆ ನಕ್ಷೆಗೆ ತಮ್ಮ ಸಹಿ ಹಾಕಬಹುದು. ಸಹಿ ಹಾಕಿದವರೇ ಅದಕ್ಕೆ ಜವಾಬ್ದಾರರು.

ಅಂಥ ಸಹಿಯ ಹಕ್ಕು ಪಡೆದ ಒಬ್ಬ ಹೆಣ್ಣುಮಗಳ ಕತೆ ಓದೋಣ. ಹೆಸರು ಸ್ವಲ್ಪ ಕಷ್ಟ. ನಿಧಾನವಾಗಿ ಓದೋಣ. ನಾರ್ಮಾ ಮೆರಿಕ್ ಸ್ಕ್ಲಾರೆಕ್.

ನಾರ್ಮಾ ಹುಟ್ಟಿದ್ದು 1926ರಲ್ಲಿ, ನ್ಯೂಯಾರ್ಕ್ ನಗರದ ಹಾರ್ಲೆಮ್‌ನಲ್ಲಿ. ಅದು ಕಪ್ಪು ಜನ ಹೆಚ್ಚಾಗಿ ಇದ್ದ ಬಡಾವಣೆ. ತಂದೆ ತಾಯಿ ಟ್ರಿನಿಡಾಡ್ ಎಂಬ ದ್ವೀಪದಿಂದ ಬಂದವರು. ತಂದೆ ಡಾಕ್ಟರು. ತಾಯಿ ಬಟ್ಟೆ ಹೊಲಿಯುತ್ತಿದ್ದರು. ನಾರ್ಮಾ ಒಬ್ಬಳೇ ಮಗಳು. ಅಪ್ಪನ ಜೊತೆ ಗೋಡೆಗೆ ಬಣ್ಣ ಹೊಡೆಯುತ್ತಿದ್ದಳು. ಮರಗೆಲಸ ಮಾಡುತ್ತಿದ್ದಳು. ಲೆಕ್ಕದಲ್ಲೂ ಚಿತ್ರದಲ್ಲೂ ಜಾಣೆ. ಆರ್ಕಿಟೆಕ್ಟ್ ಆಗಬಹುದಲ್ಲ ಅಂತ ಅಪ್ಪನೇ ದಾರಿ ತೋರಿಸಿದರು.

ಅವರು ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. ಓದು ಸುಲಭ ಇರಲಿಲ್ಲ. ಜೊತೆಯವರು ಬಹಳ ಮಂದಿ ಯುದ್ಧದಿಂದ ಮರಳಿದ ಗಂಡಸರು. ಮೊದಲೇ ಬೇರೆ ಡಿಗ್ರಿ ಮಾಡಿದ್ದವರು. ಅವರು ಕೂಡಿ ಕೂತು ಪಾಠದ ಕೆಲಸ ಮಾಡುತ್ತಿದ್ದರು. ನಾರ್ಮಾ ದೂರದ ಮನೆಗೆ ಹೋಗಿ ಒಬ್ಬರೇ ಮಾಡಬೇಕಿತ್ತು. ಆದರೂ ಬಿಡಲಿಲ್ಲ. 1950ರಲ್ಲಿ ಪಾಸಾದರು.

ಕೆಲಸ ಕೇಳಿಕೊಂಡು ಹೋದರು. ಒಂದಲ್ಲ, ಎರಡಲ್ಲ, 19 ಕಂಪನಿಗಳು ಇಲ್ಲ ಅಂದವು! ಹೆಣ್ಣು ಅಂತ ಬೇಡವೆಂದರೋ, ಕಪ್ಪು ಬಣ್ಣದವಳು ಅಂತ ಬೇಡವೆಂದರೋ? ತಮಗೆ ಅದು ಗೊತ್ತಾಗಲಿಲ್ಲ ಅಂತ ಅವರೇ ಮುಂದೆ ಹೇಳಿದರು. ಕೊನೆಗೆ ನಗರದ ಒಂದು ಸರ್ಕಾರಿ ಕಚೇರಿಯಲ್ಲಿ ನಕ್ಷೆ ಬರೆಯುವ ಸಣ್ಣ ಕೆಲಸ ಸಿಕ್ಕಿತು.

ಅಲ್ಲಿಗೇ ಸುಮ್ಮನಾಗಲಿಲ್ಲ. 1954ರಲ್ಲಿ ಲೈಸೆನ್ಸ್ ಪರೀಕ್ಷೆಗೆ ಕೂತರು. ನಾಲ್ಕು ದಿನದ ಪರೀಕ್ಷೆ. ಮೊದಲ ಸಲಕ್ಕೇ ಪಾಸು! ನ್ಯೂಯಾರ್ಕ್ ರಾಜ್ಯದಲ್ಲಿ ಈ ಲೈಸೆನ್ಸ್ ಪಡೆದ ಮೊದಲ ಕಪ್ಪು ಮಹಿಳೆ ಅವರು. ಮರುವರ್ಷ ಒಂದು ದೊಡ್ಡ ಕಂಪನಿ ಸೇರಿದರು. ಸಂಜೆ ಕಾಲೇಜಿನಲ್ಲಿ ಪಾಠ ಹೇಳಿದರು. ಇಬ್ಬರು ಮಕ್ಕಳ ಭಾರ ಒಬ್ಬರ ಮೇಲೇ ಇತ್ತು. ಮಕ್ಕಳನ್ನು ನೋಡಿಕೊಳ್ಳಲು ಅವರ ತಾಯಿ ಕೈಹಿಡಿದರು.

1960ರಲ್ಲಿ ಲಾಸ್ ಏಂಜಲಿಸ್ ನಗರಕ್ಕೆ ಹೋದರು. ಅಲ್ಲೊಂದು ಕಂಪನಿ ಸೇರಿದರು. ಅವರ ಬಳಿ ಕಾರು ಇರಲಿಲ್ಲ. ಜೊತೆಗಾರನೊಬ್ಬನ ಕಾರಿನಲ್ಲಿ ಬರುತ್ತಿದ್ದರು. ಅವನು ದಿನಾ ತಡ. ಎರಡು ವರ್ಷದಿಂದ ತಡವಾಗಿ ಬರುತ್ತಿದ್ದರೂ ಅವನನ್ನು ಯಾರೂ ಕೇಳಿರಲಿಲ್ಲ. ನಾರ್ಮಾ ಒಂದೇ ವಾರ ತಡವಾಗಿ ಬಂದರು. ಸಾಹೇಬರು ಕರೆದು ಕೇಳಿಯೇಬಿಟ್ಟರು! ಎಲ್ಲರ ಕಣ್ಣು ತಮ್ಮ ಮೇಲೇ ಅಂತ ನಾರ್ಮಾಗೆ ತಿಳಿಯಿತು. ತಾವೇ ಒಂದು ಕಾರು ಕೊಂಡರು.

ಆ ಕಂಪನಿಯಲ್ಲೇ 1966ರಲ್ಲಿ ನಿರ್ದೇಶಕಿ ಆದರು. ಕಟ್ಟಡದ ಅಂದ ರೂಪಿಸುವುದು ಒಂದು ಕೆಲಸ. ಖರ್ಚು ಹಿಡಿತದಲ್ಲಿಟ್ಟು, ಹೇಳಿದ ದಿನಕ್ಕೆ ಮುಗಿಸುವುದು ಇನ್ನೊಂದು. ಈ ಎರಡನೆಯದು ನಾರ್ಮಾ ಅವರದು. ಲಾಸ್ ಏಂಜಲಿಸ್ ವಿಮಾನ ನಿಲ್ದಾಣದ ಒಂದನೇ ಟರ್ಮಿನಲ್ ಕೆಲಸ ಇನ್ನೊಂದು ಕಂಪನಿಯಲ್ಲಿ ಇದ್ದಾಗ ನಡೆಸಿದ್ದು. 1984ರ ಒಲಿಂಪಿಕ್ಸ್‌ಗೆ ಮೊದಲೇ ಅದು ಮುಗಿಯಿತು. ಆದರೆ ಹೆಸರು ಬಂದದ್ದು ಹೆಚ್ಚಾಗಿ ಅಂದ ರೂಪಿಸಿದ ಗಂಡಸರಿಗೆ. ಜಪಾನಿನ ಟೋಕಿಯೋದಲ್ಲಿರುವ ಅಮೆರಿಕದ ರಾಯಭಾರ ಕಚೇರಿಗೆ ಮಾತ್ರ ಸೀಸರ್ ಪೆಲ್ಲಿ ಅವರ ಜೊತೆ ನಾರ್ಮಾ ಹೆಸರೂ ಸೇರಿತು.

1985ರಲ್ಲಿ ಅವರಿಗೆ 59 ವರ್ಷ. ಆಗ ಮೂವರು ಹೆಂಗಸರು ಕೂಡಿ ಸ್ವಂತ ಕಂಪನಿ ತೆರೆದರು. ಮಾರ್ಗೋ ಸೀಗಲ್, ನಾರ್ಮಾ ಸ್ಕ್ಲಾರೆಕ್, ಕ್ಯಾಥರೀನ್ ಡೈಮಂಡ್. ಬಾಗಿಲ ಮೇಲೆ ಮೂವರ ಹೆಸರೂ ಬಂತು! ಹೆಂಗಸರೇ ನಡೆಸುವ ದೊಡ್ಡ ಕಂಪನಿಗಳಲ್ಲಿ ಅದೂ ಒಂದಾಯಿತು. ಆದರೆ ತುಂಬಾ ದೊಡ್ಡ ಕೆಲಸಗಳು ಅವರಿಗೆ ಸಿಗುತ್ತಿರಲಿಲ್ಲ. 1989ರಲ್ಲಿ ನಾರ್ಮಾ ಬೇರೆ ಕಂಪನಿಗೆ ಹೋದರು. 1992ರಲ್ಲಿ ನಿವೃತ್ತರಾದರು. ಲೈಸೆನ್ಸ್ ಪರೀಕ್ಷೆಗೆ ಕೂರುವ ಕಿರಿಯರಿಗೆ ಅವರು ಕಲಿಸುತ್ತಿದ್ದರು. ತಾವು ಹತ್ತಿದ ಏಣಿಯನ್ನು ಎಳೆದುಕೊಳ್ಳಲಿಲ್ಲ. 2012ರಲ್ಲಿ ತೀರಿಕೊಂಡರು.

ನಮ್ಮ ಕಲಿಕಾ ಕೇಂದ್ರದಲ್ಲಿ ನಾವೆಲ್ಲ ಮೊದಲು ಕಲಿಯುವುದು ಏನು? ನಮ್ಮ ಹೆಸರು ಬರೆಯುವುದು. ಹೆಬ್ಬೆಟ್ಟು ಬಿಟ್ಟು ಸಹಿ ಹಾಕುವುದು. ಈ ಕೆಲಸ ನನ್ನದು ಅಂತ ಹೇಳುವ ಗುರುತು ಅದು. ನಾರ್ಮಾ ದುಡಿದದ್ದೂ ಅದಕ್ಕೇ.

ಹೊಸ ಪದಗಳು
ನಕ್ಷೆ: ಕಟ್ಟುವ ಮೊದಲು ಬರೆಯುವ ಚಿತ್ರ
ನಿವೃತ್ತಿ: ವಯಸ್ಸಾದ ಮೇಲೆ ಕೆಲಸದಿಂದ ಬಿಡುವು

ಕೂಡಿ ಮಾತಾಡೋಣ
1. ನಾರ್ಮಾ ಅವರಿಗೆ ಎಷ್ಟು ಕಂಪನಿಗಳು ಕೆಲಸ ಇಲ್ಲ ಅಂದವು?
2. ಜೊತೆಗಾರನನ್ನು ಕೇಳದ ಸಾಹೇಬರು ನಾರ್ಮಾರನ್ನು ಯಾಕೆ ಕೇಳಿದರು?
3. ನಿಮ್ಮ ದುಡಿಮೆಗೆ ಬೇರೆಯವರ ಹೆಸರು ಬಂದದ್ದು ಉಂಟೇ? ಹೇಳಿ.