ಹೊಟ್ಟೆಯ ಹುಣ್ಣು ಮಾಯುವವರೆಗೆ

ಎಂಡೋಸ್ಕೋಪಿ ಮಾಡಿಸಿ ಬಂದವನೇ ಮೆಣಸಿನಪುಡಿ ಡಬ್ಬಿಯನ್ನು ಅಟ್ಟಕ್ಕೆ ಹಾಕಿದೆಯಂತೆ, ನಿಮ್ಮಮ್ಮ ಹೇಳಿದಳು. ಒಳ್ಳೆಯದಾಯಿತು, ಹಸಿ ಗಾಯಕ್ಕೆ ಖಾರ ತಾಗಿದರೆ ಉರಿಯದೆ ಇರುತ್ತದೆಯೇ? ಆದರೆ ಮಗೂ, ಹುಣ್ಣು ಮಾಡಿದ್ದು ಮೆಣಸಿನಪುಡಿಯಲ್ಲ. ಹೆಚ್ಚಿನವರಿಗೆ ಅದು ಆಗುವುದು ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾದಿಂದ, ಇಲ್ಲವೇ ಬೆನ್ನುನೋವಿಗೆ, ತಲೆನೋವಿಗೆ ಅಂತ ನುಂಗುವ ಮಾತ್ರೆಗಳಿಂದ. ಬ್ಯಾಕ್ಟೀರಿಯಾದ ಮಾತನ್ನು ನಂಬಿಸುವುದಕ್ಕೆ ಆಸ್ಟ್ರೇಲಿಯಾದ ಡಾಕ್ಟರು ಬ್ಯಾರಿ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು ಹೊಟ್ಟೆ ಕೆಡಿಸಿಕೊಂಡರು. 2005ರಲ್ಲಿ ಅವರಿಗೂ ರಾಬಿನ್ ವಾರೆನ್ನರಿಗೂ ನೊಬೆಲ್ ಬಂತು. ಆದ್ದರಿಂದ ಆಂಟಿಬಯಾಟಿಕ್ ಬರೆದುಕೊಟ್ಟಿದ್ದರೆ ಉರಿ ನಿಂತಿತೆಂದು ನಡುವೆ ಬಿಡಬೇಡ, ಪೂರ್ತಿ ಮುಗಿಸು. ಪಥ್ಯ ಅದರ ಜೊತೆಗೆ ನಡೆಯಲಿ.

ಖಾರಕ್ಕಿಂತ ನನಗೆ ಚಿಂತೆ ನಿನ್ನ ಊಟದ ಹೊತ್ತಿನದು. ಬೆಳಿಗ್ಗೆ ಬರೀ ಕಾಫಿ, ಮಧ್ಯಾಹ್ನ ಮೂರಕ್ಕೆ ಏನೋ ಒಂದು, ರಾತ್ರಿ ಹನ್ನೊಂದಕ್ಕೆ ಹೊಟ್ಟೆ ಬಿರಿಯುವಷ್ಟು. ಖಾಲಿ ಹೊಟ್ಟೆಯ ಕಾಫಿಯನ್ನಂತೂ ಸದ್ಯ ಮರೆತುಬಿಡು. ಸ್ವಲ್ಪ ಸ್ವಲ್ಪ ತಿನ್ನು, ಹೊತ್ತಿಗೆ ಸರಿಯಾಗಿ ತಿನ್ನು, ರಾತ್ರಿ ಊಟವನ್ನು ಮಲಗುವ ಎರಡು-ಮೂರು ಗಂಟೆ ಮೊದಲೇ ಮುಗಿಸು. ಸಂಕಷ್ಟಿ, ಏಕಾದಶಿ ಉಪವಾಸವೂ ಈಗ ಬೇಡ, ದೇವರು ಬೇಜಾರು ಮಾಡಿಕೊಳ್ಳುವುದಿಲ್ಲ.

ಊರಿನಿಂದ ಕೂವೆ ಹಿಟ್ಟು ಕಳಿಸಿದ್ದೇನೆ. ಎರಡು ಚಮಚ ಹಿಟ್ಟನ್ನು ಮೊದಲು ತಣ್ಣೀರಿನಲ್ಲೇ ಕದಡು. ಬಿಸಿನೀರಿಗೆ ನೇರ ಹಾಕಿದರೆ ಗಂಟಾಗಿ ಕೂರುತ್ತದೆ. ಆಮೇಲೆ ಸಣ್ಣ ಉರಿಯಲ್ಲಿ ಕೈಬಿಡದೆ ಕಲಕು. ಸುಣ್ಣದ ನೀರಿನಂತೆ ಬೆಳ್ಳಗಿದ್ದದ್ದು ಇದ್ದಕ್ಕಿದ್ದಂತೆ ತಿಳಿಯಾಗಿ, ಸೌಟಿನಿಂದ ಎಳೆಯಾಗಿ ಇಳಿಯುತ್ತದೆ. ಆಗ ಇಳಿಸಿ ಚಿಟಿಕೆ ಉಪ್ಪು ಹಾಕು. ಉಗುರುಬೆಚ್ಚಗೆ ಕುಡಿ.

ಆಯುರ್ವೇದದವರು ಅಮ್ಲಪಿತ್ತಕ್ಕೆ, ಅಂದರೆ ಹುಳಿತೇಗು-ಎದೆಯುರಿಗೆ, ಹೇಳುವ ಪಥ್ಯವೆಲ್ಲ ನಮ್ಮ ಮನೆಯ ಊಟವೇ. ಹಳೆ ಅಕ್ಕಿಯ ಗಂಜಿಗೆ ಒಂದು ಚಮಚ ತುಪ್ಪ, ಹೆಸರುಬೇಳೆಯ ತೊವ್ವೆ, ಬೂದುಗುಂಬಳ, ಪಡವಲ, ಹೀರೆಕಾಯಿ, ದಾಳಿಂಬೆ. ಹುರುಳಿ, ಉದ್ದು, ಎಳ್ಳು, ಹುಣಸೆಹುಳಿ, ಹುಳಿ ಮೊಸರು ಸದ್ಯಕ್ಕೆ ದೂರ. ಹುಳಿ ಬಂದ ದೋಸೆ ಹಿಟ್ಟೂ ಅಷ್ಟೇ, ನಿನಗೆ ಕಷ್ಟವಾದರೂ ಸರಿ. ಗಂಜಿಯಿಂದ ಮೆತ್ತಗಿನ ಅನ್ನಕ್ಕೆ, ಅಲ್ಲಿಂದ ಮಾಮೂಲಿ ಊಟಕ್ಕೆ ನಿಧಾನ ಬಾ. ಒಂದು ದಿನ ಉರಿಯಿಲ್ಲವೆಂದು ಮರುದಿನವೇ ಮಿಸಳ್ ಪಾವ್ ತಿನ್ನಲು ಓಡಬೇಡ, ಮಾರಾಯ.

ಉರಿ ಬಂದಾಗಲೆಲ್ಲ ತಣ್ಣನೆ ಹಾಲು ಕುಡಿ ಅನ್ನುವವರು ಬಹಳ ಜನ ಸಿಗುತ್ತಾರೆ. ಕುಡಿದ ಗಳಿಗೆಗೆ ಹಿತ, ಆದರೆ ಆಮೇಲೆ ಅದೇ ಹಾಲು ಹೊಟ್ಟೆಯಲ್ಲಿ ಇನ್ನಷ್ಟು ಆಮ್ಲ ಊರಿಸುತ್ತದೆ. ಊಟದಲ್ಲಿ ಇರಲಿ, ಔಷಧಿಯೆಂದು ಲೋಟಗಟ್ಟಲೆ ಬೇಡ. ಸಿಗರೇಟಿನ ವಿಷಯ ನಿಮ್ಮಮ್ಮನಿಗೆ ಗೊತ್ತಿಲ್ಲ, ನನಗೆ ಗೊತ್ತು. ಹುಣ್ಣು ಮಾಯುವುದನ್ನು ಅದು ತಡಮಾಡುತ್ತದೆ, ಬಿಡು.

ಜ್ಯೇಷ್ಠಮಧು ಹುಣ್ಣಿಗೆ ಒಳ್ಳೆಯದೆಂದು ಆಯುರ್ವೇದ ವೈದ್ಯರು ಕೊಡುವುದುಂಟು. ನಿನಗೆ ಬಿಪಿ ಇದೆಯಲ್ಲ, ಆ ಬೇರು ಬಿಪಿ ಏರಿಸಬಲ್ಲದು, ರಕ್ತದ ಪೊಟ್ಯಾಸಿಯಂ ಇಳಿಸಬಲ್ಲದು. ಗ್ರಂದಿಗೆ ಅಂಗಡಿಯಿಂದ ತಂದು ನೀನಾಗಿ ಕಷಾಯ ಮಾಡಿಕೊಳ್ಳಬೇಡ. ವೈದ್ಯರಿಗೆ ಇಂಗ್ಲಿಷ್ ಮಾತ್ರೆಯ ಚೀಟಿ ತೋರಿಸು, ಡಾಕ್ಟರಿಗೆ ಕಷಾಯದ ವಿಷಯ ಹೇಳು, ಇಬ್ಬರಿಗೂ ಮುಚ್ಚಿಡಬೇಡ. ಮೈಕೈ ನೋವಿಗೆ ಯಾವ ಮಾತ್ರೆ ಆಗಬಹುದು ಅಂತಲೂ ಡಾಕ್ಟರನ್ನೇ ಕೇಳಿಬಿಡು.

ಇನ್ನೊಂದು. ಮಲ ಡಾಂಬರಿನ ಹಾಗೆ ಕಪ್ಪಾಗಿ ಅಂಟಂಟಾಗಿ ಹೋದರೆ, ವಾಂತಿಯಲ್ಲಿ ರಕ್ತ ಅಥವಾ ಕಾಫಿಪುಡಿಯಂಥದ್ದು ಕಂಡರೆ, ಹೊಟ್ಟೆಯಲ್ಲಿ ಚೂರಿ ಹಾಕಿದಂಥ ನೋವು ಎದ್ದರೆ, ಗಂಜಿ ಕಷಾಯ ಅಂತ ಕೂರಬೇಡ. ಮಧ್ಯರಾತ್ರಿಯಾದರೂ ಆಸ್ಪತ್ರೆಗೆ ಹೋಗು, ನನಗೆ ಆಮೇಲೆ ಫೋನ್ ಮಾಡಿದರೆ ಸಾಕು.