ಪಿಸುಮಾತು ಕೇಳಿ, ಬೇಗ ಮಲಗಿ: ಎಎಸ್‌ಎಂಆರ್ ಬಳಸಲು ಏಳು ಸೂತ್ರ

ನೀಟ್, ಸಿಇಟಿ ಹತ್ತಿರ ಬಂದರೆ ದಾವಣಗೆರೆಯ ಪಿಜಿ ರೂಮುಗಳಲ್ಲಿ ಮಧ್ಯರಾತ್ರಿಯಾದರೂ ಲೈಟ್ ಆರುವುದಿಲ್ಲ. ಹೊಳೆಯಾಚೆ ಕುಮಾರಪಟ್ಟಣದ ಕಾರ್ಖಾನೆಯಲ್ಲಿ ನೈಟ್ ಶಿಫ್ಟ್ ಮುಗಿಸಿ ಹರಿಹರಕ್ಕೆ ಮರಳುವವರು ಹಾಡಹಗಲೇ ಕಣ್ಣು ಮುಚ್ಚಬೇಕು. ಇಬ್ಬರಿಗೂ ಬೇಕಾದದ್ದು ಬೇಗ ಹತ್ತುವ ನಿದ್ದೆ. ಯೂಟ್ಯೂಬಿನಲ್ಲಿ ಪಿಸುಗುಡುವ, ಡಬ್ಬಿ ತಟ್ಟುವ, ಕೂದಲು ಬಾಚುವ ವಿಡಿಯೊ ನೋಡಿ ನಕ್ಕಿದ್ದೀರಾ? ನಕ್ಕಿದ್ದು ಸಾಕು, ಅದರಿಂದ ಕೆಲಸ ತೆಗೆಯಿರಿ.

1. ಏನೆಂದು ತಿಳಿದುಕೊಳ್ಳಿ. ಮೆಲುದನಿ, ನಯವಾದ ಸದ್ದು, ಯಾರೋ ನಮ್ಮತ್ತ ಗಮನವಿಟ್ಟು ನಿಧಾನವಾಗಿ ಮಾಡುವ ಕೆಲಸ. ಇವುಗಳಿಂದ ಕೆಲವರಿಗೆ ನೆತ್ತಿಯಲ್ಲಿ ಜುಮ್ಮೆಂದು, ಆ ಹಿತ ಕತ್ತು, ಬೆನ್ನಿಗೆ ಇಳಿಯುತ್ತದೆ. 2010ರಲ್ಲಿ ಅಮೆರಿಕದ ಜೆನಿಫರ್ ಅಲೆನ್ ಇದಕ್ಕೆ ‘ಆಟೋನಮಸ್ ಸೆನ್ಸರಿ ಮೆರಿಡಿಯನ್ ರೆಸ್ಪಾನ್ಸ್’ (ಎಎಸ್‌ಎಂಆರ್) ಎಂದು ಹೆಸರಿಟ್ಟರು. ಹೆಸರು ಭಾರಿ, ಅನುಭವ ಹಳೆಯದೇ. ಕಟಿಂಗ್ ಶಾಪಿನಲ್ಲಿ ಕತ್ತರಿಯ ಕಚಕಚಕ್ಕೆ ತೂಕಡಿಕೆ ಬಂದವರಿಗೆ ಹೆಚ್ಚು ವಿವರಿಸಬೇಕಿಲ್ಲ. ರಾಜಸ್ಥಾನದ ಪುಷ್ಕರದ ಕ್ಷೌರಿಕ ಬಾಬಾ ಸೇನ್ ಅವರ ಚಂಪಿ (ತಲೆ ಮಸಾಜ್) ವಿಡಿಯೊಗಳನ್ನು ವಿದೇಶಿಯರೂ ಮುಗಿಬಿದ್ದು ನೋಡಿದ್ದು ಇದಕ್ಕೇ.

2. ‘ಇದೆಲ್ಲ ಬುರುಡೆ’ ಎನ್ನುವ ಚಾಳಿ ಬಿಡಿ. 2015ರಲ್ಲಿ ಬ್ರಿಟನ್ನಿನ ಸ್ವಾನ್ಸಿ ವಿಶ್ವವಿದ್ಯಾಲಯದ ಸಂಶೋಧಕರು ಎಎಸ್‌ಎಂಆರ್ ಅನುಭವವಿರುವ 475 ಜನರನ್ನು ವಿಚಾರಿಸಿದರು. ನಿದ್ದೆಗಾಗಿ ಬಳಸುತ್ತೇವೆ ಎಂದವರು 82%, ಒತ್ತಡ ಇಳಿಸಲು ಎಂದವರು 70%. 2018ರ ಶೆಫೀಲ್ಡ್ ಅಧ್ಯಯನದಲ್ಲಿ, ಜುಮ್ಮೆನ್ನುವ ಅನುಭವವಿದ್ದವರ ಹೃದಯಬಡಿತ ವಿಡಿಯೊ ನೋಡುವಾಗ ನಿಮಿಷಕ್ಕೆ ಸುಮಾರು 3ರಷ್ಟು ಇಳಿಯಿತು. ಆದರೆ ಲೆಕ್ಕ ಸರಿಯಾಗಿ ಓದಿ: ಆ 475 ಮಂದಿ ಮೊದಲೇ ಇದನ್ನು ಅನುಭವಿಸುತ್ತಿದ್ದವರು. ನಿಮಗೂ ಹಾಗೇ ಆಗುತ್ತದೆಂಬ ಗ್ಯಾರಂಟಿ ಇದರಲ್ಲಿಲ್ಲ. ಆದ್ದರಿಂದಲೇ ಮೂರನೆಯ ಸೂತ್ರ.

3. ಒಂದು ವಾರ ಟೆಸ್ಟ್ ಮಾಡಿ. ರಾತ್ರಿಗೊಂದು ಟ್ರಿಗರ್: ಪಿಸುಮಾತು, ಪುಟ ತಿರುವುವುದು, ಬ್ರಶ್, ಉಗುರಿನಿಂದ ಮರ ತಟ್ಟುವುದು. ಬೆಳಿಗ್ಗೆ ಎರಡು ಸಾಲು ಬರೆದಿಡಿ. ಜುಮ್ಮೆನ್ನದಿದ್ದರೂ ಮನಸ್ಸು ಹಗುರಾದರೆ ಸಾಕು. ಅಗಿಯುವ ಸದ್ದಿಗೆ ಮೈಯೆಲ್ಲ ಉರಿಯಿತೇ? ತಕ್ಷಣ ನಿಲ್ಲಿಸಿ. ಅದು ಕೆಲವು ಸದ್ದುಗಳನ್ನು ಸಹಿಸಲಾಗದ ಮಿಸೊಫೋನಿಯಾ ಇದ್ದೀತು, ಅಭ್ಯಾಸ ಮಾಡಿ ಗೆಲ್ಲುವ ವಿಷಯವಲ್ಲ. ಇನ್ನೊಂದು ಮಾತು: ಕಿವಿ ಕ್ಲೀನ್ ಮಾಡುವ ವಿಡಿಯೊ ನೋಡಿ ನೀವು ಕಿವಿಗೆ ಕಡ್ಡಿ ಹಾಕಬೇಡಿ.

4. ಊರಿನ ಸದ್ದನ್ನೇ ರೆಕಾರ್ಡ್ ಮಾಡಿ. ಕೊರಿಯಾದ ಹುಡುಗಿ ಸೋಪು ಕತ್ತರಿಸುವುದನ್ನೇ ಏಕೆ ಕೇಳಬೇಕು? ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿಗೆ ಅಕ್ಕಿ ಬಿದ್ದೊಡನೆ ಚಟಚಟ ಅರಳುತ್ತದೆ. ಜರಡಿಗೆ ಸುರಿದಾಗ ಮರಳು ಸೊರ್ರನೆ ಕೆಳಗಿಳಿಯುತ್ತದೆ, ಮಂಡಕ್ಕಿ ಮೇಲುಳಿದು ಸರಬರ ಎನ್ನುತ್ತದೆ. ಬೆಣ್ಣೆ ದೋಸೆಯ ಕಾವಲಿಗೆ ನೀರು ಚಿಮುಕಿಸಿದಾಗಿನ ಚುಂಯ್, ಆಮೇಲೆ ಬೆಣ್ಣೆ ಕರಗುವ ಸಣ್ಣ ಗುಳುಗುಳು. ಹರಿಹರದಲ್ಲಾದರೆ ಬೆಳಗಿನ ಹೊತ್ತು ತುಂಗಭದ್ರೆಯ ದಡ. ಹತ್ತು ನಿಮಿಷ ರೆಕಾರ್ಡ್ ಮಾಡಿ, ಮಧ್ಯೆ ಮಾತಾಡಬೇಡಿ. ಪರಿಚಿತ ಸದ್ದಿಗೆ ಮನಸ್ಸು ಕಾವಲು ಕಾಯುವುದಿಲ್ಲ. ಆದರೆ ಭಟ್ಟಿಯಲ್ಲಿ ಜನ ಹೊಗೆ, ಬಿಸಿಯ ಮಧ್ಯೆ ದುಡಿಯುತ್ತಿರುತ್ತಾರೆ. ಅವರನ್ನು ಕೇಳಿಯೇ ಫೋನ್ ಹಿಡಿಯಿರಿ. ಮಿರ್ಚಿ ಕರಿಯುವ ಸದ್ದು ಮಾತ್ರ ಬೇಡ. ನಿದ್ದೆ ಬರುವುದಿಲ್ಲ, ಹಸಿವಾಗುತ್ತದೆ.

5. ಓದುವಾಗ ಪಿಸುಮಾತು ಹಾಕಬೇಡಿ. ಅರ್ಥವಾಗುವ ಮಾತು ಕಿವಿಗೆ ಬಿದ್ದರೆ ಗಮನ ಅತ್ತ ಹೋಗುತ್ತದೆ, ಆರ್ಗ್ಯಾನಿಕ್ ಕೆಮಿಸ್ಟ್ರಿ ಇತ್ತ ಉಳಿಯುತ್ತದೆ. ಪಿ.ಬಿ. ರಸ್ತೆಯಲ್ಲಿ ಬೈಕ್ ಓಡಿಸುವಾಗಲಂತೂ ಕೇಳಲೇಬೇಡಿ.

6. ಫೋನ್ ಮಗುಚಿ ಇಡಿ. ನಿಮಗೆ ಬೇಕಾದದ್ದು ಸದ್ದು, ಸ್ಕ್ರೀನ್ ಅಲ್ಲ. ಆಡಿಯೊ ಡೌನ್‌ಲೋಡ್ ಮಾಡಿಕೊಳ್ಳಿ. ಇಲ್ಲದಿದ್ದರೆ ಕಣ್ಣು ಹತ್ತುವಷ್ಟರಲ್ಲಿ ಜಾಹೀರಾತು ಕಿರುಚುತ್ತದೆ. ಆಟೋಪ್ಲೇ ಆಫ್ ಮಾಡಿ, 30 ನಿಮಿಷದ ಟೈಮರ್ ಹಾಕಿ. ವಾಲ್ಯೂಮ್ ತಗ್ಗಿಸಿ: ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ 80 ಡೆಸಿಬಲ್ ಸದ್ದು ವಾರಕ್ಕೆ 40 ಗಂಟೆ, ಅಷ್ಟೇ ಮಿತಿ. ಪಿಸುಮಾತಿಗೆ ಅದರ ಹತ್ತಿರ ಹೋಗುವ ಅಗತ್ಯವೇ ಇಲ್ಲ.

7. ಇದನ್ನು ಔಷಧಿ ಎಂದುಕೊಳ್ಳಬೇಡಿ. ವಾರಗಟ್ಟಲೆ ನಿದ್ದೆಯಿಲ್ಲ, ಎದೆ ಡವಡವ, ಪುಸ್ತಕ ತೆರೆದರೆ ಅಳು ಬರುತ್ತದೆ ಎಂದಾದರೆ ಹೊಸ ವಿಡಿಯೊ ಹುಡುಕುತ್ತ ಕೂರಬೇಡಿ. ಮನೆಯವರಿಗೆ ಹೇಳಿ, ಡಾಕ್ಟರನ್ನು ನೋಡಿ. ದಾವಣಗೆರೆ ಎರಡು ಮೆಡಿಕಲ್ ಕಾಲೇಜುಗಳಿರುವ ಊರು, ದೂರ ಹೋಗಬೇಕಾಗಿಲ್ಲ. ಎದುರು ಕೂತು ಹೇಳಲು ಸಂಕೋಚವಾದರೆ ಟೆಲಿ ಮಾನಸ್‌ಗೆ ಫೋನ್ ಮಾಡಿ: 14416. ಹಣ ಬೇಕಿಲ್ಲ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.