ಮಿದುಳು, ಪ್ರಾಣಿವರ್ತನೆ ಓದುವ ಆಸೆಯೇ? ನೋಟ್‌ಬುಕ್ ಹಿಡಿದು ಕೂರಿ

ಮಿದುಳನ್ನೂ ಪ್ರಾಣಿಗಳ ವರ್ತನೆಯನ್ನೂ ಒಟ್ಟಿಗೆ ಓದಬೇಕೆನ್ನುವ ವಿದ್ಯಾರ್ಥಿಗಳು ಮೊದಲು ಅದೇ ಹೆಸರಿನ ಪದವಿ ಹುಡುಕುತ್ತಾರೆ. ನಮ್ಮಲ್ಲಿ ಅದು ಅಪರೂಪ. ಆದರೆ ದಾರಿಗಳಿವೆ.

ಪಿಯುಸಿಯಲ್ಲಿ ಗಣಿತ ಬಿಡಬೇಡಿ. ಪಿಸಿಎಂಬಿ ಓದಿದ್ದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಾಲ್ಕು ವರ್ಷದ ಪದವಿಗೂ ಪುಣೆ, ತಿರುಪತಿ ಮೊದಲಾದ ಕಡೆಯ ಐಸರ್ ಎಂಬ ವಿಜ್ಞಾನ ಶಿಕ್ಷಣ-ಸಂಶೋಧನಾ ಸಂಸ್ಥೆಗಳಿಗೂ ಪ್ರಯತ್ನಿಸಬಹುದು. ಐಸರ್‌ಗೆ ಐಎಟಿ ಎಂಬ ಪ್ರವೇಶ ಪರೀಕ್ಷೆ ಬರೆಯಬೇಕು. ನಿಯಮ ಬದಲಾಗುತ್ತಿರುತ್ತದೆ, ಆಯಾ ವರ್ಷದ ಪ್ರಕಟಣೆ ನೋಡಿ. ಸೀಟು ಸಿಗದಿದ್ದರೆ ಊರಿನ ಕಾಲೇಜಿನಲ್ಲೇ ಪ್ರಾಣಿಶಾಸ್ತ್ರದ ಬಿಎಸ್ಸಿ ಸೇರಿ. ಸಂಖ್ಯಾಶಾಸ್ತ್ರ, ಪೈಥಾನ್ ಜೊತೆಜೊತೆಗೇ ಕಲಿಯಿರಿ.

ಮುಂದಿನ ಹೆಜ್ಜೆಗೆ ಲ್ಯಾಬ್ ಬೇಡ. ಒಂದು ಪ್ರಾಣಿಯನ್ನು ಆರಿಸಿಕೊಳ್ಳಿ. ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ದಶಕಗಳ ಕಾಲ ಅಧ್ಯಯನ ಮಾಡಿದ್ದು ರೋಪಾಲಿಡಿಯಾ ಮಾರ್ಜಿನೇಟಾ ಎಂಬ ಕಣಜದ ಹುಳವನ್ನು. ಇದರ ಗೂಡಿಗೆ ಹೊದಿಕೆಯಿಲ್ಲ, ನಡೆಯುವುದೆಲ್ಲ ಕಣ್ಣಿಗೆ ಬೀಳುತ್ತದೆ. ಒಂದೊಂದು ಹುಳಕ್ಕೂ ಬಣ್ಣದ ಚುಕ್ಕೆ ಇಟ್ಟು ಗುರುತಿಸುತ್ತಾರೆ. ಇದರ ರಾಣಿ ಸಾಧು. ಅವಳನ್ನು ತೆಗೆದರೆ ಮಾತ್ರ ಕೆಲಸಗಾರ್ತಿಯರಲ್ಲೊಬ್ಬಳು ಇದ್ದಕ್ಕಿದ್ದಂತೆ ಜೋರಾಗುತ್ತಾಳೆ, ಮುಂದೆ ಅವಳೇ ರಾಣಿ. ಇಂಥ ಸರಳ ಪ್ರಯೋಗಗಳ ಬಗ್ಗೆ ಗದಗಕರ್ ಬರೆದ ಇಂಗ್ಲಿಷ್ ಪುಸ್ತಕವನ್ನು ಭಾರತೀಯ ವಿಜ್ಞಾನ ಅಕಾಡೆಮಿ 2021ರಲ್ಲಿ ಪ್ರಕಟಿಸಿದೆ. ಮೊದಲು ಓದಬೇಕಾದ್ದು ಅದನ್ನೇ ಎಂಬುದು ನನ್ನ ಅಭಿಪ್ರಾಯ.

ಕಣಜ ಕುಟುಕುತ್ತದೆ, ನಿಮಗೆ ಇರುವೆ, ಕಾಗೆ, ಬೀದಿನಾಯಿ ಸಾಕು. ನೋಡುವ ಮೊದಲೇ ವರ್ತನೆಗಳ ಪಟ್ಟಿ ಮಾಡಿಕೊಳ್ಳಿ. ಒಂದನ್ನೇ ಹಿಂಬಾಲಿಸಿ ಅದು ಮಾಡಿದ್ದನ್ನೆಲ್ಲ ಬರೆಯಬಹುದು, ಇಲ್ಲವೇ ನಿಮಿಷಕ್ಕೊಮ್ಮೆ ಇಡೀ ಗುಂಪಿನ ಮೇಲೆ ಕಣ್ಣಾಡಿಸಿ ಯಾರು ಏನು ಮಾಡುತ್ತಿದ್ದಾರೆಂದು ಗುರುತು ಹಾಕಬಹುದು. ‘ನಾಯಿಗೆ ಸಿಟ್ಟು ಬಂತು’ ಎಂದು ಬರೆಯಬೇಡಿ, ‘ಬಾಲ ನೆಟ್ಟಗಾಯಿತು, ಹಲ್ಲು ಕಾಣಿಸಿತು’ ಎಂದು ಬರೆಯಿರಿ. ಕಂಡದ್ದು ಬೇರೆ, ಊಹೆ ಬೇರೆ. ಇದು ರೂಢಿಯಾಗದೆ ಮುಂದಿನದೆಲ್ಲ ವ್ಯರ್ಥ.

ಮಿದುಳು ಬರುವುದು ಈಗ. ಪ್ರಾಣಿವರ್ತನೆಯ ವಿಜ್ಞಾನಿ ನಿಕೊ ಟಿನ್‌ಬರ್ಗನ್ 1963ರಲ್ಲಿ ಯಾವ ವರ್ತನೆಗೂ ಕೇಳಬೇಕಾದ ನಾಲ್ಕು ಪ್ರಶ್ನೆಗಳನ್ನು ಮುಂದಿಟ್ಟರು: ದೇಹದೊಳಗೆ ಅದನ್ನು ನಡೆಸುವುದೇನು, ಮರಿಯಿಂದ ಬೆಳೆಯುತ್ತ ಹೇಗೆ ಬಂತು, ಅದರಿಂದೇನು ಉಪಯೋಗ, ವಿಕಾಸದಲ್ಲಿ ಹೇಗೆ ಮೂಡಿತು. ನರವಿಜ್ಞಾನ ಮುಖ್ಯವಾಗಿ ಉತ್ತರಿಸುವುದು ಮೊದಲ ಪ್ರಶ್ನೆಗೆ. ಕೇವಲ 302 ನರಕೋಶಗಳ ಸಿ. ಎಲೆಗಾನ್ಸ್ ಹುಳುವಿನಲ್ಲೂ ಆ ಪ್ರಶ್ನೆಯನ್ನು ಇನ್ನೂ ಪೂರ್ತಿ ಬಿಡಿಸಿಲ್ಲ.

ಎರಡನೇ ವರ್ಷದಿಂದ ಬೇಸಿಗೆ ಫೆಲೋಶಿಪ್‌ಗೆ ಅರ್ಜಿ ಹಾಕಿ. ವಿಜ್ಞಾನ ಅಕಾಡೆಮಿಗಳದ್ದೂ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದ್ದೂ ಇವೆ. ಪ್ರಾಧ್ಯಾಪಕರಿಗೆ ನೇರವಾಗಿ ಬರೆಯುವುದಾದರೆ ಅವರ ಒಂದು ಪ್ರಬಂಧವನ್ನಾದರೂ ಓದಿ, ನಿಮಗೆ ಹುಟ್ಟಿದ ಒಂದು ಪ್ರಶ್ನೆಯನ್ನು ಬರೆಯಿರಿ. ಅಂಕಪಟ್ಟಿಯ ಜೊತೆಗೆ ನಿಮ್ಮ ನೋಟ್‌ಬುಕ್ಕಿನ ಎರಡು ಪುಟಗಳ ಫೋಟೊವನ್ನೂ ಲಗತ್ತಿಸಿ.